ಹಳೇ ಮಿಲಿಟರಿ ಡೀಸೆಲ್ ಪಿಕಪ್ ಷೆವಿ ಎಂ1008: ಪದೇ ಪದೇ ಕೇಳುವ ಪ್ರಶ್ನೆಗಳು

ಒಹಾಯೋದ ನಮ್ಮ ಮನೆ ಮುಂದೆ ಹಸಿರು, ಕಂದು, ಕಪ್ಪು ಬಣ್ಣದ ಒಂದು ಪಿಕಪ್ ನಿಂತಿರುತ್ತದೆ. 1985ರ ಷೆವರ್ಲೆ ಎಂ1008, ಇಲ್ಲಿಯವರ ಬಾಯಲ್ಲಿ ಷೆವಿ. ಯುಗಾದಿ ಊಟಕ್ಕೆ ಬಂದವರು ಒಳಗೆ ಬರುವ ಮೊದಲು ಅದಕ್ಕೊಂದು ಪ್ರದಕ್ಷಿಣೆ ಹಾಕಿ, ಪ್ರತಿ ಸಲ ಅದೇ ನಾಲ್ಕು ಪ್ರಶ್ನೆ ಕೇಳುತ್ತಾರೆ. ಅವರಲ್ಲಿ ಇಬ್ಬರು ಆಮೇಲೆ ತಾವೂ ಒಂದೊಂದು ಕೊಂಡರು. ಈಗ ಅವರ ಪ್ರಶ್ನೆಗಳು ರಾತ್ರಿ ಹನ್ನೊಂದಕ್ಕೆ, ಫೋಟೋ ಸಮೇತ ಬರುತ್ತವೆ. ಎರಡೂ ಥರದವನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ತಿಪಟೂರಿನಲ್ಲಿ ಕೊಬ್ಬರಿ ಲಾರಿ ಓಡಿಸುತ್ತಿದ್ದವರ ಮಗ.

ಇದು ನಿಜವಾದ ಮಿಲಿಟರಿ ಗಾಡಿನಾ, ಇಲ್ಲ ಬಣ್ಣ ಬಳಿದ ಷೆವಿನಾ?

ಎರಡೂ ಹೌದು. ಅಮೆರಿಕದ ಸೇನೆ ಹಿಂದಿನ ಸಾಲಿನ ಕೆಲಸಕ್ಕೆ, ಅಂದರೆ ಸಾಮಾನು, ಜನ, ರೇಡಿಯೋ ಸಾಗಿಸೋದಕ್ಕೆ, ಅಂಗಡಿಯಲ್ಲಿ ಸಿಗುವ ಪಿಕಪ್ಪನ್ನೇ ಸ್ವಲ್ಪ ಬದಲಿಸಿ ಕೊಂಡುಕೊಂಡಿತು. ಹೆಸರು ಕಮರ್ಷಿಯಲ್ ಯುಟಿಲಿಟಿ ಕಾರ್ಗೊ ವೆಹಿಕಲ್. ಅದರ ಇಂಗ್ಲಿಷ್ ಮೊದಲಕ್ಷರ (ಸಿ, ಯು, ಸಿ, ವಿ) ಸೇರಿಸಿ ಇಲ್ಲಿಯವರು ‘ಕಕ್‌ವಿ’ ಅಂತಾರೆ. ಜನರಲ್ ಮೋಟರ್ಸ್ 1984ರಿಂದ 1987ರ ಮಾಡೆಲ್‌ಗಳಲ್ಲಿ ಇದನ್ನು ಕೊಟ್ಟಿತು. ಎಂ1008 ಅಂದರೆ ಪಿಕಪ್, ಎಂ1009 ಅಂದರೆ ಬ್ಲೇಜರ್ ಎಂಬ ಜೀಪಿನಂಥ ಗಾಡಿ, ಎಂ1010 ಆಂಬುಲೆನ್ಸ್, ಎಂ1028 ರೇಡಿಯೋ ಗೂಡು ಹೊರುವ ಗಾಡಿ.

ಎಂಜಿನ್ 6.2 ಲೀಟರಿನ ವಿ8 ಡೀಸೆಲ್. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. 135 ಹಾರ್ಸ್‌ಪವರ್, ಅಷ್ಟೇ. ಎಂಜಿನ್ ಹಿಂದಿರುವ ಗೇರ್‌ಬಾಕ್ಸ್ ಟರ್ಬೊ 400 (ಹೆಸರಷ್ಟೇ ಟರ್ಬೊ), ಮೂರು ಗೇರಿನ ಆಟೊಮ್ಯಾಟಿಕ್. ಮುಂದೆ ಡಾನಾ 60 ಆಕ್ಸಲ್, ಹಿಂದೆ ಜಿಎಂನ 14 ಬೋಲ್ಟಿನ ಆಕ್ಸಲ್, ಅದರೊಳಗೆ ಎರಡೂ ಚಕ್ರಗಳನ್ನು ಒಟ್ಟಿಗೆ ತಳ್ಳುವ ಡೆಟ್ರಾಯಿಟ್ ಲಾಕರ್. ಕ್ರೌನ್ ಪಿನಿಯನ್ 4.56, ಅಂದರೆ ಶಾಫ್ಟ್ 4.56 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಈ ಆಕ್ಸಲ್‌ಗಳಿಗೋಸ್ಕರವೇ ಇಡೀ ಗಾಡಿ ಕೊಂಡು, ಬಿಚ್ಚಿ, ಉಳಿದದ್ದನ್ನು ಗುಜರಿಗೆ ಹಾಕುವವರಿದ್ದಾರೆ. ನನಗೆ ಅದು ಆಕಳ ಕೊಂಬಿಗಾಗಿ ಆಕಳನ್ನೇ ಕಡಿದ ಹಾಗೆ ಕಾಣುತ್ತದೆ, ಆದರೆ ಅವರ ದುಡ್ಡು.

ಕೊಳ್ಳುವಾಗ ಏನು ನೋಡಬೇಕು?

ಮೊದಲು ತುಕ್ಕು. ನಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಕ್ಯಾಬಿನ ಹಿಂದಿನ ಎರಡು ಮೂಲೆ, ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ಜಾಗ, ಇವುಗಳನ್ನು ಬೆರಳಲ್ಲಿ ಒತ್ತಿ ನೋಡಿ. ಎಂಜಿನ್ ಸರಿ ಮಾಡಬಹುದು. ಕೊಳೆತ ಕ್ಯಾಬ್ ಸರಿ ಮಾಡೋದಕ್ಕಿಂತ ಟೆಕ್ಸಸ್‌ಗೋ ಅರಿಜೋನಾಗೋ ಹೋಗಿ ಇನ್ನೊಂದು ತರುವುದು ಸೋವಿ.

ಆಮೇಲೆ ಮಾರುವವರಿಗೆ ಒಂದೇ ಮಾತು ಹೇಳಿ: ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅರ್ಥ. ಬೆಚ್ಚಗಿರುವ ಡೀಸೆಲ್ ಯಾರು ಕೀ ತಿರುಗಿಸಿದರೂ ಏಳುತ್ತದೆ.

ಮೂರನೆಯದು, ಗಾಡಿ ಕೆಳಗೆ ಮಲಗಿ ಸೆಲ್ಫ್ ಮೋಟರಿನ ಮುಂಭಾಗ ನೋಡಿ. ಅದನ್ನು ಎಂಜಿನ್ ಬ್ಲಾಕಿಗೆ ಹಿಡಿದಿಡುವ ಒಂದು ಪುಟ್ಟ ಬ್ರ್ಯಾಕೆಟ್ ಇರಬೇಕು. ಸೆಲ್ಫ್ ಬದಲಿಸಿದವರು ಅರ್ಧಕ್ಕರ್ಧ ಜನ ಅದನ್ನು ಮತ್ತೆ ಹಾಕುವುದಿಲ್ಲ, ಕೈ ಹೋಗಲ್ಲ ಅಂತ. ಅದಿಲ್ಲದಿದ್ದರೆ ಅಷ್ಟು ಭಾರದ ಸೆಲ್ಫ್ ಹಿಂದಿನ ಎರಡು ಬೋಲ್ಟಿನ ಮೇಲೆ ತೂಗಾಡುತ್ತದೆ. ಬೋಲ್ಟ್ ಮುರಿಯುತ್ತದೆ, ಮೂತಿ ಒಡೆಯುತ್ತದೆ, ಕೆಲವೊಮ್ಮೆ ಬ್ಲಾಕೇ ಬಿರುಕು ಬಿಡುತ್ತದೆ. ನಂದು ಮೂತಿ ಒಡೆದಿತ್ತು. ದಿನಸಿ ಅಂಗಡಿಯ ಮುಂದೆ, ಫ್ರೀಜರಿನಿಂದ ತೆಗೆದ ತೆಂಗಿನ ತುರಿ ಸೀಟಿನ ಮೇಲೆ ಕರಗುತ್ತಿರುವಾಗ.

ಎಂಜಿನ್ ಮುಂದೆ ಅದುರು ತಡೆಯುವ ಚಕ್ರ, ಅಂದರೆ ಬ್ಯಾಲೆನ್ಸರಿನ ರಬ್ಬರ್ ಸೀಳಿದೆಯಾ, ಉಬ್ಬಿದೆಯಾ ನೋಡಿ. ಅದು ಹೋದರೆ ಕ್ರ್ಯಾಂಕ್ ಶಾಫ್ಟೇ ಮುರಿಯಬಹುದು. ಕಾಗದಪತ್ರದಲ್ಲಿ, ಸರ್ಕಾರಿ ಹರಾಜಿನಿಂದ ನೇರ ಬಂದದ್ದಾದರೆ ಎಸ್‌ಎಫ್-97 ಎಂಬ ಫಾರಂ ಕೊಡುತ್ತಾರೆ. ಅದನ್ನು ತೋರಿಸಿ ನಿಮ್ಮ ರಾಜ್ಯದಲ್ಲಿ ಟೈಟಲ್ (ಮಾಲೀಕತ್ವದ ಪತ್ರ) ಮಾಡಿಸಬೇಕು. ಅದೂ ಇಲ್ಲ, ಟೈಟಲೂ ಇಲ್ಲ ಅಂದರೆ ಬಿಟ್ಟು ಬನ್ನಿ.

ಇದು 12 ವೋಲ್ಟಾ, 24 ವೋಲ್ಟಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎಲ್ಲರೂ ಅರ್ಧ ಸರಿ. ಈ ಗಾಡಿಯ ಮುಕ್ಕಾಲು ಪಾಲು ತಲೆನೋವು ಇದೊಂದು ವಿಷಯ ತಿಳಿಯದೆ ಬರೋದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಾನೆಟ್ ಒಳಗೆ 12 ವೋಲ್ಟಿನ ಎರಡು ಬ್ಯಾಟರಿಗಳಿವೆ. ಒಂದರ ತಲೆ ಮೇಲೆ ಇನ್ನೊಂದು ಕೂತ ಹಾಗೆ ಸರಣಿಯಲ್ಲಿ ಜೋಡಿಸಿದ್ದಾರೆ. ಕೆಳಗಿನದು, ಮೇಲಿನದು ಅನ್ನೋದು ವೋಲ್ಟೇಜಿನ ಲೆಕ್ಕದಲ್ಲಿ, ಜಾಗದ ಲೆಕ್ಕದಲ್ಲಲ್ಲ. ಕೆಳಗಿನದರ ಮೈನಸ್ಸನ್ನು ಗಾಡಿಯ ಲೋಹದ ಬಾಡಿಗೆ ಕಟ್ಟಿದ್ದಾರೆ. ಅದರ ಪ್ಲಸ್‌ನಲ್ಲಿ 12 ವೋಲ್ಟ್ ಸಿಗುತ್ತದೆ. ಮೇಲಿನದರ ಪ್ಲಸ್‌ನಲ್ಲಿ 24. ಹೆಡ್‌ಲೈಟ್, ವೈಪರ್, ಹಾರ್ನ್, ಮೀಟರ್ ಎಲ್ಲ 12. ಸೆಲ್ಫ್ ಮೋಟರ್ 24. ಗ್ರಿಲ್‌ನಲ್ಲಿ ಕಾಣುವ ದಪ್ಪ ಸಾಕೆಟ್ಟೂ 24. ಬೇರೆ ಮಿಲಿಟರಿ ಗಾಡಿಗಳಿಂದ ಕರೆಂಟ್ ಕೊಟ್ಟು ಎಬ್ಬಿಸಲಿಕ್ಕೆ ಅದು.

ಎರಡು ಬ್ಯಾಟರಿಗೆ ಎರಡು ಆಲ್ಟರ್ನೇಟರ್. ನಮ್ಮಪ್ಪ ಡೈನಮೋ ಅನ್ನೋದು ಇದನ್ನೇ. ಒಂದೊಂದೂ 100 ಆಂಪಿನದು, ಒಂದೊಂದು ಬ್ಯಾಟರಿಗೆ ಒಂದೊಂದು. ಅದಕ್ಕೇ ಡ್ಯಾಶ್‌ಬೋರ್ಡಿನಲ್ಲಿ ಜೆನ್ 1, ಜೆನ್ 2 ಅಂತ ಎರಡು ದೀಪ. ಒಂದು ಉರಿಯುತ್ತಿದ್ದರೆ ‘ಇನ್ನೊಂದು ಇದೆಯಲ್ಲ, ಮನೆ ಸೇರ್ತೀನಿ’ ಅಂದುಕೊಳ್ಳಬೇಡಿ. ಮನೆ ಸೇರುತ್ತೀರಿ. ಆದರೆ ಒಂದು ಬ್ಯಾಟರಿ ಬರಿದಾಗಿ, ಮಾರನೇ ದಿನ ಸೆಲ್ಫ್‌ಗೆ 24 ಸಿಗುವುದಿಲ್ಲ.

ಬ್ಯಾಟರಿ ಬದಲಿಸುವಾಗ ಎರಡನ್ನೂ ಒಟ್ಟಿಗೆ, ಒಂದೇ ಥರದ್ದು ಹಾಕಿ. ಹೊಸದೊಂದು ಹಳೇದೊಂದು ಕಟ್ಟಿದರೆ ಹೊಸದೂ ಬೇಗ ಹಾಳಾಗುತ್ತದೆ. ರೇಡಿಯೋ, ಫೋನ್ ಚಾರ್ಜರ್ ಹಾಕುವವರು ಮೀಟರ್ ಹಿಡಿದು ನೋಡದೆ ಯಾವ ವಯರನ್ನೂ ಮುಟ್ಟಬೇಡಿ.

ಹಾಗಾದರೆ ಬ್ಯಾಟರಿ ಡೌನ್ ಆದರೆ ಮಾಮೂಲಿ ಕಾರಿನಿಂದ ಜಂಪ್ ಕೊಡಬಹುದಾ?

ಗ್ರಿಲ್ ಸಾಕೆಟ್ಟಿಗೆ ಖಂಡಿತ ಬೇಡ. ಒಂದೊಂದು ಬ್ಯಾಟರಿಯನ್ನು ಬೇರೆ ಬೇರೆಯಾಗಿ ಚಾರ್ಜ್ ಮಾಡಿಕೊಳ್ಳಿ. ಕೆಳಗಿನದು ಸುಲಭ. ಮೇಲಿನದರ ಹತ್ತಿರ ಹುಷಾರು: ಕಪ್ಪು ಕ್ಲಿಪ್ಪನ್ನು ಅದೇ ಬ್ಯಾಟರಿಯ ಮೈನಸ್‌ಗೆ ಹಾಕಬೇಕು, ಬಾಡಿಗಲ್ಲ. ಯಾಕೆಂದರೆ ಅದರ ಮೈನಸ್ ಬಾಡಿಗಿಂತ 12 ವೋಲ್ಟ್ ಮೇಲಿದೆ. ಆಗ ಎರಡು ಗಾಡಿಗಳ ಬಂಪರ್ ಒಂದಕ್ಕೊಂದು ತಾಗಿದರೂ ಶಾರ್ಟ್. ಮನೆಯಲ್ಲಿ ಗೋಡೆಗೆ ಚುಚ್ಚುವ ಒಂದು ಚಾರ್ಜರ್ ಇಟ್ಟುಕೊಂಡರೆ ಈ ಸರ್ಕಸ್ಸೇ ಬೇಡ.

ಚಳಿಯಲ್ಲಿ ಏಳಲ್ಲ. ಗ್ಲೋ ಪ್ಲಗ್ ಎಷ್ಟು ಸಲ ಹಾಕಿದರೂ ಸುಟ್ಟು ಹೋಗ್ತಿದೆ. ಯಾಕೆ?

ಗ್ಲೋ ಪ್ಲಗ್ ಅಂದರೆ ಊರಲ್ಲಿ ಹೀಟರ್ ಪ್ಲಗ್ ಅಂತೀವಲ್ಲ, ಅದೇ. ಈ ಎಂಜಿನ್‌ನಲ್ಲಿ ಡೀಸೆಲ್ ನೇರ ಸಿಲಿಂಡರಿಗೆ ಬೀಳುವುದಿಲ್ಲ. ಪಕ್ಕದ ಒಂದು ಪುಟ್ಟ ಕೋಣೆಯಲ್ಲಿ ಹತ್ತಿಕೊಂಡು ಒಳಗೆ ನುಗ್ಗುತ್ತದೆ. ತಣ್ಣಗಿರುವ ಆ ಕೋಣೆಯನ್ನು ಬಿಸಿ ಮಾಡಲು ಎಂಟು ಸಿಲಿಂಡರಿಗೆ ಎಂಟು ಪ್ಲಗ್. ಎರಡು ಹೋದರೆ ಒಹಾಯೋದ ಜನವರಿಯಲ್ಲಿ ಬಿಳಿ ಹೊಗೆ ಉಗುಳುತ್ತಾ ಕೆಮ್ಮುತ್ತದೆ. ನಾಲ್ಕು ಹೋದರೆ ಏಳುವುದೇ ಇಲ್ಲ.

ಸುಡುವುದಕ್ಕೆ ಕಾರಣ ಪ್ಲಗ್ ಅಲ್ಲ, ಅದಕ್ಕೆ ಕರೆಂಟ್ ಕೊಟ್ಟ ರೀತಿ. ಪ್ಲಗ್‌ಗಳು 12 ವೋಲ್ಟಿನವು. ಆದರೆ ಅವಕ್ಕೆ 24 ವೋಲ್ಟ್ ಕಡೆಯಿಂದ ಕರೆಂಟ್ ತಂದು, ಫೈರ್‌ವಾಲ್ (ಎಂಜಿನ್, ಕ್ಯಾಬಿನ ನಡುವಿನ ತಗಡು) ಮೇಲೆ ಒಂದು ರೆಸಿಸ್ಟರ್ ಇಟ್ಟು ಅರ್ಧ ವೋಲ್ಟೇಜ್ ಇಳಿಸಿದ್ದಾರೆ. ಎಂಟೂ ಪ್ಲಗ್ ಸರಿ ಇರುವವರೆಗೆ ಲೆಕ್ಕ ಸರಿ. ಒಂದು ಸತ್ತಿತು ಅನ್ನಿ. ಎಳೆಯುವ ಕರೆಂಟ್ ಕಡಿಮೆಯಾಗುತ್ತದೆ, ರೆಸಿಸ್ಟರ್ ಇಳಿಸುವ ವೋಲ್ಟೇಜೂ ಕಡಿಮೆಯಾಗುತ್ತದೆ, ಉಳಿದ ಏಳಕ್ಕೆ ಜಾಸ್ತಿ ವೋಲ್ಟೇಜ್ ಬೀಳುತ್ತದೆ. ಅದರಲ್ಲೊಂದು ಸಾಯುತ್ತದೆ. ಉಳಿದ ಆರಕ್ಕೆ ಇನ್ನೂ ಜಾಸ್ತಿ. ಒಂದು ಎತ್ತು ಕುಸಿದರೆ ನೊಗದ ಭಾರ ಇನ್ನೊಂದರ ಹೆಗಲಿಗೆ ಬೀಳುತ್ತದಲ್ಲ, ಹಾಗೆ.

ಇದಕ್ಕೆ ಮದ್ದು ಹಳೇದು, ಸುಲಭ. ರೆಸಿಸ್ಟರ್ ಬಿಟ್ಟುಬಿಡಿ. ಪ್ಲಗ್‌ಗಳಿಗೆ ಕರೆಂಟ್ ಹಾಯಿಸುವ ಸ್ವಿಚ್ಚಿಗೆ, ಅಂದರೆ ಗ್ಲೋ ಪ್ಲಗ್ ರಿಲೇಗೆ, ಕೆಳಗಿನ ಬ್ಯಾಟರಿಯ 12 ವೋಲ್ಟನ್ನೇ ನೇರವಾಗಿ, ದಪ್ಪ ವಯರಿನಲ್ಲಿ ಕೊಡಿ. ಎಂಟೂ ಸೇರಿ ನೂರು ಆಂಪಿನ ಆಸುಪಾಸು ಎಳೆಯುತ್ತವೆ, ತೆಳು ವಯರ್ ಬೆಂಕಿಗೆ ದಾರಿ. ಇದನ್ನು ಇಲ್ಲಿ ‘ರಾಸ್ಕಾಮನ್ ಮಾಡ್’ ಅಂತಾರೆ. ಮಿಷಿಗನ್‌ನ ರಾಸ್ಕಾಮನ್ ಇಕ್ವಿಪ್‌ಮೆಂಟ್ ಸೆಂಟರ್‌ನವರು ಇಂಥ ಸೇನೆಯ ಗಾಡಿಗಳನ್ನು ಅಗ್ನಿಶಾಮಕ ಕೆಲಸಕ್ಕೆ ಬದಲಿಸುವ ವಿಧಾನ ಬರೆದಿದ್ದರು, ಆ ಹೆಸರು ಉಳಿಯಿತು. ಈ ಗಾಡಿಗೆ ನೀವು ಒಂದೇ ಒಂದು ಬದಲಾವಣೆ ಮಾಡುವುದಾದರೆ ಇದನ್ನು ಮಾಡಿ.

ಪ್ಲಗ್ ಎಸಿಡೆಲ್ಕೊ 60ಜಿ ಹಾಕಿ. ತುದಿ ಉಬ್ಬುವುದಿಲ್ಲ. ಹಳೇ ನಮೂನೆಯವು ಜಾಸ್ತಿ ಕಾದರೆ ತುದಿ ಉಬ್ಬಿ, ಬಿಚ್ಚುವಾಗ ಒಳಗೇ ಮುರಿದು ಬೀಳುತ್ತವೆ. ಆಮೇಲಿನ ಕಥೆ ಎಂಜಿನ್ ಹೆಡ್ ಬಿಚ್ಚುವುದು. ಯಾವ ಪ್ಲಗ್ ಸತ್ತಿದೆ ಅಂತ ನೋಡಲು, ಅದರ ವಯರ್ ಕಿತ್ತು, ಟೆಸ್ಟ್ ಲೈಟಿನ ಕ್ಲಿಪ್ ಬ್ಯಾಟರಿ ಪ್ಲಸ್‌ಗೆ ಹಾಕಿ, ಮೊನೆಯನ್ನು ಪ್ಲಗ್‌ಗೆ ತಾಗಿಸಿ. ಹತ್ತಿದರೆ ಬದುಕಿದೆ. ಕ್ಲಿಪ್ ಕೆಳಗಿನ ಬ್ಯಾಟರಿಯ ಪ್ಲಸ್‌ಗೇ ಇರಲಿ, 24ಕ್ಕಲ್ಲ.

ರಿಲೇ ಅಂಟಿಕೊಳ್ಳುವುದೂ ಉಂಟು. ಕೀ ತೆಗೆದ ಮೇಲೂ ಪ್ಲಗ್‌ಗಳು ಕಾಯುತ್ತಲೇ ಇರುತ್ತವೆ, ಬೆಳಗಾಗುವಷ್ಟರಲ್ಲಿ ಎಂಟೂ ಪ್ಲಗ್, ಒಂದು ಬ್ಯಾಟರಿ ಮಟಾಷ್. ಕೆಲವರು ಪ್ಲಗ್‌ಗಳನ್ನು ತಾನಾಗೇ ಕಾಯಿಸುವ ಆಟೊಮ್ಯಾಟಿಕ್ ಕಾರ್ಡ್ ತೆಗೆದು, ಒತ್ತುವ ಬಟನ್ ಹಾಕಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದ್ದೇನೆ. ಎಂಟರವರೆಗೆ ಎಣಿಸಿ ಬಿಡುತ್ತೇನೆ. ಮಗಳು ಮಗ್ಗಿ ಹೇಳುತ್ತಾ ಒತ್ತುತ್ತಾಳೆ, ಎರಡೊಂದ್ಲ ಎರಡರಿಂದ ಎರಡ್ಹತ್ಲ ಇಪ್ಪತ್ತರವರೆಗೆ. ಅದೂ ಸರಿಯಾದ ಟೈಮೇ.

ಕೀ ಬಿಟ್ಟರೂ ಸೆಲ್ಫ್ ತಿರುಗುತ್ತಲೇ ಇದೆ!

ಮೊದಲು ಬ್ಯಾಟರಿ ಕೇಬಲ್ ಕಿತ್ತು, ಆಮೇಲೆ ಓದಿ. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸ್ಟಾರ್ಟರ್ ರಿಲೇ ಇದೆ, ಅದರ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಹೊಸದು ಹಾಕಿ. ಬ್ಯಾಟರಿ ಕೇಬಲ್‌ಗೆ ಕೈಯಲ್ಲಿ ತಿರುಗಿಸಿ ಆಫ್ ಮಾಡುವ ಸ್ವಿಚ್ ಒಂದು ಹಾಕಿಸಿಕೊಳ್ಳಿ. ಅಗ್ಗದ ವಿಮೆ.

ಪೂರ್ತಿ 12 ವೋಲ್ಟ್ ಮಾಡಿಬಿಡಲಾ?

ಮಾಡಬಹುದು. ಎರಡೂ ಬ್ಯಾಟರಿಯನ್ನು ಪಕ್ಕಪಕ್ಕ ಜೋಡಿಸಿ, ಮಾಮೂಲಿ 6.2 ಅಥವಾ 6.5 ಡೀಸೆಲ್ ಷೆವಿಯ 12 ವೋಲ್ಟ್ ಸೆಲ್ಫ್ ಹಾಕಿ, ಒಂದೇ ಆಲ್ಟರ್ನೇಟರ್ ಇಟ್ಟುಕೊಂಡರೆ ಆಯಿತು. ಬಿಡಿಭಾಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅದೇ ದೊಡ್ಡ ಲಾಭ.

ಆದರೆ ನನ್ನ ಅನುಭವದಲ್ಲಿ, ಮೊದಲಿನ 12-24 ಹಾಗೇ ಇರುವ ಗಾಡಿಯೂ ಕಾಟ ಕೊಡುವುದಿಲ್ಲ, ಪೂರ್ತಿ 12 ಆದದ್ದೂ ಕೊಡುವುದಿಲ್ಲ. ಅರ್ಧ ಮಾಡಿ ಬಿಟ್ಟದ್ದು ಜೀವ ತಿನ್ನುತ್ತದೆ. ನನ್ನದನ್ನು ಹಿಂದಿನ ಮಾಲೀಕ ಹಾಗೇ ಮಾಡಿದ್ದ. ಯಾವ ಕೆಂಪು ವಯರಿನಲ್ಲಿ ಎಷ್ಟು ವೋಲ್ಟ್ ಅಂತ ಅವನಿಗೇ ನೆನಪಿರಲಿಲ್ಲ. ಎರಡು ವಾರಾಂತ್ಯ ಕೂತು ಎಲ್ಲ ಬಿಚ್ಚಿ, ಟಿಎಂ 9-2320-289-20 ಎಂಬ ಸೇನೆಯ ಮ್ಯಾನ್ಯುಯಲ್ಲಿನ ನಕ್ಷೆಯ ಪ್ರಕಾರ ಮೊದಲಿನ ಹಾಗೇ ಮಾಡಿದೆ. ಆಮೇಲೆ ಗ್ಲೋ ಪ್ಲಗ್‌ಗಳಿಗೆ ಕರೆಂಟ್ ಕೊಡುವ ರೀತಿಯನ್ನು ಮಾತ್ರ ಬದಲಿಸಿದೆ. ಸುಮ್ನೆ ನಡೆಯುತ್ತಿದೆ.

ರಾತ್ರಿ ಚೆನ್ನಾಗಿತ್ತು. ಬೆಳಿಗ್ಗೆ ಎದ್ದು, ಹತ್ತು ಸೆಕೆಂಡ್ ಓಡಿ, ಆಫ್ ಆಗುತ್ತೆ. ಪಂಪ್ ಹೋಯ್ತಾ?

ಪಂಪ್ ಹೋಗಿರುವುದು ಅಪರೂಪ. ಏರ್ ಹಿಡಿದಿರುವುದು ಮಾಮೂಲು. ನನಗೆ ಮೊದಲ ಸಲ ಹೀಗಾದಾಗ ಅಪ್ಪನಿಗೆ ಫೋನ್ ಮಾಡಿ ಎಂಜಿನ್ ಸದ್ದು ಕೇಳಿಸಿದೆ. ಐದು ಸೆಕೆಂಡ್ ಕೇಳಿ, "ಏರ್ ಹಿಡ್ದೈತೆ ಕಣೋ, ಪೈಪ್ ನೋಡು" ಅಂದರು. ಈ ಎಂಜಿನ್ನನ್ನು ಅವರು ಜನ್ಮದಲ್ಲಿ ನೋಡಿಲ್ಲ.

ಪ್ರತಿ ನಾಜಲ್ಲಿನಿಂದ ಉಳಿದ ಡೀಸೆಲ್ ವಾಪಸ್ ಹೋಗಲು ಚಿಕ್ಕ ಚಿಕ್ಕ ರಬ್ಬರ್ ಪೈಪ್‌ಗಳಿವೆ. ನಲವತ್ತು ವರ್ಷದ ರಬ್ಬರ್ ಒಣಗಿ ಸೀಳುತ್ತದೆ. ಎಂಜಿನ್ ಆಫ್ ಆದ ಮೇಲೆ ಅಲ್ಲಿಂದ ಗಾಳಿ ಒಳಗೆ ನುಗ್ಗಿ, ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತದೆ. ಇಂಜೆಕ್ಷನ್ ಪಂಪಿನ ರಿಟರ್ನ್ ಕಡೆಗೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡಿ, ಗುಳ್ಳೆ ಕಂಡರೆ ಅದೇ. ರಬ್ಬರ್ ಪೈಪ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಒಂದು ಮಧ್ಯಾಹ್ನದ ಕೆಲಸ.

ಏರ್ ತೆಗೆಯಲು ನಮ್ಮ ಲಾರಿಗಳ ಹಾಗೆ ಹ್ಯಾಂಡ್ ಪಂಪ್ ಇಲ್ಲ. ಇಂಜೆಕ್ಷನ್ ಪಂಪಿನ ಗುಲಾಬಿ ವಯರ್ ಕಿತ್ತರೆ ಡೀಸೆಲ್ ಕಟ್ ಆಗುತ್ತದೆ. ಹಾಗೆ ಇಟ್ಟು, ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆದು, ನಡುವೆ ಸೆಲ್ಫ್ ತಣ್ಣಗಾಗಲು ಬಿಟ್ಟು, ಫಿಲ್ಟರ್ ತನಕ ಡೀಸೆಲ್ ತನ್ನಿ. ಆಮೇಲೆ ವಯರ್ ಸಿಕ್ಕಿಸಿ, ನಾಜಲ್ ನಟ್ಟುಗಳನ್ನು ಸಡಿಲಿಸಿ, ಡೀಸೆಲ್ ಚಿಮ್ಮಿದ ಹಾಗೆ ಒಂದೊಂದಾಗಿ ಟೈಟ್ ಮಾಡಿ. ಚಿಮ್ಮುವ ಕಡೆ ಬರಿಗೈ ಇಡಬೇಡಿ, ಆ ಒತ್ತಡಕ್ಕೆ ಚರ್ಮ ಸೀಳುತ್ತದೆ.

ಪೈಪ್ ಎಲ್ಲ ಸರಿ ಇದ್ದೂ ಆಫ್ ಆಗುತ್ತಿದ್ದರೆ ಆಗ ಪಂಪಿನ ಒಳಗೆ ಅನುಮಾನ ಪಡಿ. ಈ ಗಾಡಿಯ ಸ್ಟ್ಯಾನಡೈನ್ ಡಿಬಿ2 ಪಂಪಿನಲ್ಲಿ, ಎಂಜಿನ್ ವೇಗ ಹತೋಟಿಯಲ್ಲಿಡುವ ಗವರ್ನರ್ ಹತ್ತಿರ ಒಂದು ಪ್ಲಾಸ್ಟಿಕ್ ಉಂಗುರವಿತ್ತು. ಹಳೆಯದಾದ ಮೇಲೆ ಅದು ಪುಡಿಯಾಗಿ ರಿಟರ್ನ್ ದಾರಿಯನ್ನು ಕಟ್ಟುತ್ತದೆ. ಪಂಪ್ ರಿಪೇರಿ ಆಗಿದ್ದರೆ ಹೊಸ ನಮೂನೆಯದು ಹಾಕಿರುತ್ತಾರೆ.

ಗೇರ್ ತಡವಾಗಿ, ಧಡ್ ಅಂತ ಬೀಳುತ್ತೆ. ಗೇರ್‌ಬಾಕ್ಸ್ ಬಿಚ್ಚಿಸಬೇಕಾ?

ಮೊದಲು ವ್ಯಾಕ್ಯೂಮ್ ಪೈಪ್ ನೋಡಿ. ಟರ್ಬೊ 400ಗೆ ಎಂಜಿನ್ ಮೇಲೆ ಎಷ್ಟು ಭಾರವಿದೆ ಅಂತ ಗೊತ್ತಾಗುವುದು ವ್ಯಾಕ್ಯೂಮಿನಿಂದ. ಪೈಪ್ ಬಿಟ್ಟುಕೊಂಡರೆ ಯಾವಾಗಲೂ ಘಾಟಿ ಹತ್ತುತ್ತಿದ್ದೇನೆ ಅಂದುಕೊಂಡು ತಡ ಮಾಡುತ್ತದೆ. ಪೈಪಿನೊಳಗೆ ಕೆಂಪು ಎಣ್ಣೆ ಇದ್ದರೆ, ಪೈಪ್ ಗೇರ್‌ಬಾಕ್ಸಿಗೆ ಸೇರುವಲ್ಲಿರುವ ಮಾಡ್ಯುಲೇಟರ್ ಒಳಗೆ ಹರಿದಿದೆ. ಅದು ಸಣ್ಣ ಡಬ್ಬಿ, ಸಣ್ಣ ಖರ್ಚು.

ಇಲ್ಲೇ ಒಂದು ಎಚ್ಚರಿಕೆ. ಡೀಸೆಲ್ ಎಂಜಿನ್ ತಾನಾಗಿ ವ್ಯಾಕ್ಯೂಮ್ ಮಾಡುವುದಿಲ್ಲ, ಅದಕ್ಕೆ ಎಂಜಿನ್ ಹಿಂಭಾಗದಲ್ಲಿ ಒಂದು ಪಂಪ್ ಇದೆ. ಅದರ ಕೆಳಗಿನ ಗೇರೇ ಆಯಿಲ್ ಪಂಪನ್ನೂ ತಿರುಗಿಸುತ್ತದೆ. ‘ವ್ಯಾಕ್ಯೂಮ್ ಪಂಪ್ ಸದ್ದು ಮಾಡ್ತಿದೆ, ಕಿತ್ತು ಎಲೆಕ್ಟ್ರಿಕ್ ಹಾಕ್ತೀನಿ’ ಅಂತ ಕಿತ್ತು, ಆ ತೂತಿಗೆ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದರೆ ಎಂಜಿನ್‌ಗೆ ಒಂದು ಹನಿ ಆಯಿಲೂ ಹೋಗುವುದಿಲ್ಲ. ಅದರ ಜಾಗಕ್ಕೆ ಆಯಿಲ್ ಪಂಪ್ ತಿರುಗಿಸುವ ಬಿಡಿಭಾಗವನ್ನೇ ಕೂರಿಸಬೇಕು.

ಹೈವೇಯಲ್ಲಿ 55 ಮೈಲಿ ದಾಟಿದರೆ ಚೀರುತ್ತೆ. ಏನು ಮಾಡಲಿ?

ಲೆಕ್ಕ ಹಾಕೋಣ. 235/85ಆರ್16 ಟೈರಿನ ಎತ್ತರ ಹತ್ತಿರ ಹತ್ತಿರ 31.7 ಇಂಚು. 4.56 ಕ್ರೌನ್, ಹೈವೇಯಲ್ಲಿ ಎಂಜಿನ್ ಸುತ್ತು ಇಳಿಸುವ ಓವರ್‌ಡ್ರೈವ್ ಗೇರ್ ಇಲ್ಲ. 55 ಮೈಲಿ ವೇಗಕ್ಕೆ ಎಂಜಿನ್ ನಿಮಿಷಕ್ಕೆ 2650 ಸುತ್ತು, 65ಕ್ಕೆ 3150. ಎಂಜಿನ್ 3600ರವರೆಗೆ ತಿರುಗಲೆಂದೇ ಮಾಡಿದ್ದು, ಹಾಗಾಗಿ ಒಡೆದುಹೋಗುವುದಿಲ್ಲ. ಒಡೆಯುವುದು ನಿಮ್ಮ ಕಿವಿ.

ಸುಲಭ ದಾರಿ ದೊಡ್ಡ ಟೈರ್. 35 ಇಂಚಿನದು ಹಾಕಿದರೆ 65ಕ್ಕೆ 2850 ಆಸುಪಾಸು. ಆಗ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಪೊಲೀಸರಿಗೆ ಈ ಕಾರಣ ಹೇಳಿ ಪ್ರಯೋಜನವಿಲ್ಲ. ಎರಡನೇ ದಾರಿ 4.10ರ ಕ್ರೌನ್ ಪಿನಿಯನ್. ಮುಂದೆ ಹಿಂದೆ ಎರಡೂ ಕಡೆ ಒಂದೇ ಅನುಪಾತ ಇರಬೇಕು, ಇಲ್ಲದಿದ್ದರೆ ಫೋರ್‌ವೀಲ್ ಹಾಕಿದಾಗ ಒಂದನ್ನೊಂದು ಜಗ್ಗಾಡಿ ಮುರಿಯುತ್ತವೆ. ಖರ್ಚು ಎರಡು ಪಟ್ಟು. ಮೂರನೆಯದು 4ಎಲ್80ಇ ಗೇರ್‌ಬಾಕ್ಸ್. ಅದಕ್ಕೆ ಓವರ್‌ಡ್ರೈವ್ ಇದೆ, 65ಕ್ಕೆ 2350ಕ್ಕೆ ಇಳಿಯುತ್ತದೆ. ಆದರೆ ಅದನ್ನು ನಡೆಸಲು ಕಂಪ್ಯೂಟರ್ ಬೇಕು. ಕಂಪ್ಯೂಟರ್ ಇಲ್ಲದ ಗಾಡಿ ಅಂತ ತಾನೇ ಇದನ್ನು ಕೊಂಡದ್ದು?

ನಾನು ಏನೂ ಮಾಡಿಲ್ಲ. ಹಳ್ಳಿ ರಸ್ತೆ ಹಿಡಿದು 50ರಲ್ಲಿ ಹೋಗುತ್ತೇನೆ. ಗ್ಯಾಲನ್‌ಗೆ 15 ಮೈಲಿ ಹತ್ತಿರ ಕೊಡುತ್ತದೆ.

ಟರ್ಬೊ ಹಾಕಿದರೆ?

ಕೊಲರಾಡೊ ಥರ ಬೆಟ್ಟದ ಸೀಮೆಯಲ್ಲಿದ್ದರೆ ಅರ್ಥವಿದೆ, ಎತ್ತರದಲ್ಲಿ ಗಾಳಿ ತೆಳುವಾಗಿ ಈ ಎಂಜಿನ್ ಏದುಸಿರು ಬಿಡುತ್ತದೆ. ಬ್ಯಾಂಕ್ಸ್ ಕಂಪನಿಯ ಟರ್ಬೊ ಕಿಟ್ ಇತ್ತು, 6.5 ಟರ್ಬೊ ಎಂಜಿನ್ನಿನ ಭಾಗಗಳನ್ನೂ ಹೊಂದಿಸುತ್ತಾರೆ. ಆದರೆ ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ ಮೊದಲೇ ಜಾಸ್ತಿ, 21ರ ಸುತ್ತಮುತ್ತ ಇದೆ, ಬ್ಲಾಕಿನ ಮೇನ್ ಬೇರಿಂಗ್ ಹತ್ತಿರ ಬಿರುಕು ಬಿಡುವ ಚಾಳಿಯೂ ಇದೆ. ಟರ್ಬೊ ಒತ್ತಡ 8-10 ಪಿಎಸ್‌ಐ ಮೀರಬೇಡಿ. ಹೊಗೆಯ ಬಿಸಿ ತೋರಿಸುವ ಮೀಟರ್ ಹಾಕದೆ ಪಂಪಿನ ಡೀಸೆಲ್ ಸ್ಕ್ರೂ ತಿರುಗಿಸಲೇ ಬೇಡಿ. ಮುಳ್ಳು 1200 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದರೆ ಕಾಲು ತೆಗೆಯಿರಿ.

ಕಮಿನ್ಸ್ ಎಂಜಿನ್?

12 ವಾಲ್ವಿನ, 5.9 ಲೀಟರಿನ ಕಮಿನ್ಸ್ ಡೀಸೆಲ್ ಕೂರುತ್ತದೆ, ಬಹಳ ಜನ ಕೂರಿಸಿದ್ದಾರೆ. ತುಂಬಾ ಭಾರ, ಮುಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಬದಲಿಸಬೇಕು. ಹಾಕಿಸಿಕೊಂಡವರು ಯಾರೂ ಪಶ್ಚಾತ್ತಾಪ ಪಟ್ಟದ್ದು ಕಂಡಿಲ್ಲ. ಮುಗಿಸಿದವರಿಗಿಂತ ಶೆಡ್‌ನಲ್ಲಿ ಅರ್ಧಕ್ಕೆ ನಿಲ್ಲಿಸಿದವರನ್ನು ಜಾಸ್ತಿ ಕಂಡಿದ್ದೇನೆ.

ಕರಿದ ಎಣ್ಣೆ ಹಾಕಿ ಓಡಿಸಬಹುದಂತೆ?

ಓಡುತ್ತದೆ. ಬೋಂಡದ ವಾಸನೆಯೂ ಬರುತ್ತದೆ. ಆಮೇಲೆ ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ, ಪಂಪಿನಲ್ಲಿ ಅಂಟು ಕೂರುತ್ತದೆ. ಡೀಸೆಲ್ಲೇ ಹಾಕಿ. ಈಗಿನ ಡೀಸೆಲ್‌ನಲ್ಲಿ ಗಂಧಕ ಕಡಿಮೆ, ಅದನ್ನು ತೆಗೆಯುವಾಗ ಜಾರಿಕೆಯೂ ಕಡಿಮೆಯಾಗುತ್ತದೆ, ಹಾಗಾಗಿ ಜಾರಿಕೆ ಹೆಚ್ಚಿಸುವ ಒಂದು ದ್ರಾವಣ ಸೇರಿಸುತ್ತೇನೆ. ಎಂಜಿನ್‌ಗೆ 15ಡಬ್ಲ್ಯೂ-40 ಆಯಿಲ್, ಫಿಲ್ಟರ್ ಸೇರಿ 7 ಕ್ವಾರ್ಟ್.

ಬ್ರೇಕ್ ಲೈಟ್, ಹೆಡ್‌ಲೈಟ್ ಯಾವುದೂ ಹತ್ತುತ್ತಿಲ್ಲ.

ಬ್ಲ್ಯಾಕ್‌ಔಟ್ ಸ್ವಿಚ್ ನೋಡಿ. ಶತ್ರುವಿಗೆ ಕಾಣದ ಹಾಗೆ ಓಡಿಸಲು ಇಟ್ಟದ್ದು. ನಿಮ್ಮ ಮಕ್ಕಳು ಅದನ್ನು ಒತ್ತಿರುತ್ತಾರೆ.

ಹಳೇ ಬಣ್ಣ ಉಜ್ಜಿ ಹೊಸದು ಹೊಡೆಯಲಾ?

ಒಣಗಿದ ಹಾಗೇ ಉಜ್ಜಬೇಡಿ. ಸೇನೆಯ ಆ ಬಣ್ಣ ರಾಸಾಯನಿಕ ಅಸ್ತ್ರ ತಡೆಯಲು ಮಾಡಿದ್ದು, ಹಳೆಯದರ ಧೂಳಿನಲ್ಲಿ ವಿಷದ ಕ್ರೋಮಿಯಂ ಇರಬಹುದು. ನೀರು ಹಾಕಿ ಉಜ್ಜಿ, ಸರಿಯಾದ ಮಾಸ್ಕ್ ಹಾಕಿಕೊಳ್ಳಿ. ಕರ್ಚೀಫು ಮಾಸ್ಕ್ ಅಲ್ಲ.

ಊರಿಗೆ ತಗೊಂಡು ಹೋಗಬಹುದಾ? ತೋಟಕ್ಕೆ ಚೆನ್ನಾಗಿರುತ್ತೆ.

ಆಗುವುದಿಲ್ಲ. ಭಾರತಕ್ಕೆ ಹಳೇ ಗಾಡಿ ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು. ಇದಕ್ಕೆ ನಲವತ್ತು ವರ್ಷ, ಸ್ಟೇರಿಂಗ್ ಎಡಗಡೆ. ಅಪ್ಪ ಪ್ರತಿ ಬೇಸಿಗೆಯಲ್ಲೂ ಕೇಳುತ್ತಾರೆ, ಪ್ರತಿ ಬೇಸಿಗೆಯಲ್ಲೂ ಇದನ್ನೇ ಹೇಳುತ್ತೇನೆ. ಈ ಜೂನ್‌ನಲ್ಲಿ ಅವರೇ ಇಲ್ಲಿಗೆ ಬರುತ್ತಿದ್ದಾರೆ. ಎಡಗಡೆ ಕೂತು ಓಡಿಸಬೇಕಲ್ಲ ಅಂದರೆ, "ಕ್ಲಚ್ಚೇ ಇಲ್ದಿರೋ ಗಾಡಿಗೆ ಎಡ ಬಲ ಏನು?" ಅಂದರು.